ಚಿಲ್ಲರೆ ಸಂಸಾರ

ಸ್ಟುಟ್‌ಗಾರ್ಟಿನ ನಮ್ಮ ಮನೆಯಲ್ಲಿ ಇರುವುದೇ ಮೂರು ಜನ. ಆದರೆ ಆನ್‌ಲೈನ್ ಅಂಗಡಿಗಳ ಲೆಕ್ಕದಲ್ಲಿ ನಾವು ಒಂದು ಸೂರಿನ ಕೆಳಗಿನವರಲ್ಲ. ಇವರ ಫೋನಿನ ಖಾತೆ ಜರ್ಮನಿಯದು, ಮಗನ ಆಟದ ಖಾತೆಯೂ ಜರ್ಮನಿಯದು. ನನ್ನದು ಮಾತ್ರ ಭಾರತ ಬಿಟ್ಟು ಕದಲಿಲ್ಲ. ದೇವನಹಳ್ಳಿಯಲ್ಲಿ ನಾನು ವಿಮಾನ ಹತ್ತಿದೆ, ಸೂಟ್‌ಕೇಸು ಹತ್ತಿತು, ಸಾರಿನ ಪುಡಿ ಹತ್ತಿತು. ನನ್ನ ಖಾತೆ ಅಲ್ಲೇ ಕೂತುಬಿಟ್ಟಿತು.

ಕಾರಣ ಹೇಳಿದರೆ ನಗುತ್ತೀರಿ. ನಗಿ, ಇವರೂ ನಗುತ್ತಾರೆ. ಅದರಲ್ಲಿ ನನ್ನ 148 ರೂಪಾಯಿ ಇದೆ.

ಊರು ಬಿಡುವ ಮುಂಚಿನ ದೀಪಾವಳಿಗೆ ಆಫೀಸಿನಲ್ಲಿ ಸಿಹಿ ಡಬ್ಬಿಯ ಬದಲು ಸಾವಿರ ರೂಪಾಯಿಯ ಗಿಫ್ಟ್ ಕೋಡು ಇಮೇಲ್ ಮಾಡಿದ್ದರು. (ಸೋನ್‌ಪಾಪ್ಡಿ ಆಗಿದ್ದರೆ ಯಾರಿಗಾದರೂ ದಾಟಿಸಬಹುದಿತ್ತು.) ಮಗನಿಗೊಂದು ಗಣಿತದ ಆಟ, ನನಗೊಂದು ಪಂಚಾಂಗ, ಫೋಟೊ ಇಡುವ ಜಾಗಕ್ಕೆ ತಿಂಗಳ ಬಾಡಿಗೆ, ಹೀಗೆ ಕರಗಿ ಕರಗಿ 148ಕ್ಕೆ ಬಂದು ನಿಂತಿದೆ. ದೇಶ ಬದಲಾಯಿಸಬೇಕಾದರೆ ಖಾತೆಯಲ್ಲಿ ಬಿಡಿಗಾಸೂ ಇರಕೂಡದು ಅನ್ನುವುದು ಅಂಗಡಿಯ ನಿಯಮ. ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ, ಹೊತ್ತುಕೊಂಡು ಹೋಗಲು ಅವರು ಬಿಡುವುದಿಲ್ಲ.

ಈ ರೋಗ ಇವತ್ತಿನದಲ್ಲ. ಮೈಸೂರಿನಲ್ಲಿ ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅಂತ ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಡುತ್ತಿದ್ದರಲ್ಲ, ನಾನು ಕಂಡ ಮೊದಲ ಗಿಫ್ಟ್ ಕಾರ್ಡು ಅದೇ. ಅದೇ ಬಸ್ಸು, ಅದೇ ಕಂಡಕ್ಟರು, ಇಳಿಯುವುದರೊಳಗೆ ವಸೂಲು ಮಾಡಿಕೊಳ್ಳಬೇಕು. ಇಳಿದರೆ ಅದು ಬರೀ ಚೀಟಿ. ಜೊತೆಯವರೆಲ್ಲ "ಹೋಗ್ಲಿ ಬಿಡೇ, ಎಂಟಾಣೆ ತಾನೆ" ಅಂತ ಇಳಿದು ಹೋಗುತ್ತಿದ್ದರು. ನಾನು ಎಂಟಾಣೆ ಕೈಗೆ ಬರುವ ತನಕ ಮುಂದಿನ ಸ್ಟಾಪು, ಅದರ ಮುಂದಿನ ಸ್ಟಾಪು ಅಂತ ಕೂತೇ ಇದ್ದು, ಆಮೇಲೆ ಬಿಸಿಲಲ್ಲಿ ನಡೆದು ವಾಪಸು ಬರುತ್ತಿದ್ದೆ. ಒಂದು ಸಲ ಕಂಡಕ್ಟರೇ ಕೈಮುಗಿದು ಒಂದು ರೂಪಾಯಿ ನಾಣ್ಯ ಕೊಟ್ಟು, "ಇಳೀರಮ್ಮ, ಮಿಕ್ಕ ಎಂಟಾಣೆ ನೀವೇ ಇಟ್ಕೊಳ್ಳಿ" ಅಂದರು. ಈಗ ಅವರಿಗೆ ಎಂಟಾಣೆ ಬಾಕಿಯಾಯಿತಲ್ಲ ಅನ್ನುವ ಕೊರಗು ಅವತ್ತಿಡೀ ಇತ್ತು.

ದೇಶ ಬದಲಾಯಿಸುವ ವಿಷಯದಲ್ಲಿ ಆನ್‌ಲೈನ್ ಅಂಗಡಿಗಳೆಲ್ಲ ಒಂದೇ ಗರಡಿಯಲ್ಲಿ ಪಳಗಿದವು. ಆಪಲ್‌ನಲ್ಲಿ ದೇಶ ಬದಲಾಯಿಸಲು ಉಳಿದ ಹಣ ಖರ್ಚಾಗಿರಬೇಕು, ಚಂದಾ ನಿಲ್ಲಿಸಿರಬೇಕು, ಹೊಸ ದೇಶದ ವಿಳಾಸ ಕೊಡಬೇಕು. ಗೂಗಲ್ ಪ್ಲೇಯಲ್ಲಿ ದೇಶಾಂತರ ವರ್ಷಕ್ಕೆ ಒಂದೇ ಸಲ. ಹಳೆಯ ದೇಶದ ಹಣ ಹಳೆಯ ದೇಶದಲ್ಲೇ ಕೂತು ನೀವು ಮರಳಿ ಬರುವುದನ್ನು ಕಾಯುತ್ತದೆ. ಪ್ಲೇಸ್ಟೇಷನ್ ಖಾತೆಗಂತೂ ಹುಟ್ಟುವಾಗ ಬರೆಸಿದ ದೇಶವೇ ಕೊನೆತನಕ. ಜರ್ಮನಿ 2024ರಲ್ಲಿ ಕಾನೂನು ಸಡಿಲಿಸಿ, 8 ವರ್ಷದ ಬದಲು 5 ವರ್ಷ ನೆಲೆಸಿದವರೂ ಪೌರತ್ವ ಕೇಳಬಹುದು ಎಂದಿತು. ಅದು ಮನುಷ್ಯರಿಗೆ. ಆಟದ ಖಾತೆಗೆ ಆ ಭಾಗ್ಯವೂ ಇಲ್ಲ.

ಒಬ್ಬರು ಕೊಂಡದ್ದನ್ನು ಮನೆಮಂದಿಯೆಲ್ಲ ಬಳಸುವ "ಫ್ಯಾಮಿಲಿ" ಸೌಲಭ್ಯ ಅಂತೊಂದಿದೆ. ಅದಕ್ಕೆ ಎಲ್ಲರೂ ಒಂದೇ ದೇಶದ ಅಂಗಡಿಯವರಾಗಿರಬೇಕು. ಇವರು ಮಗನನ್ನು ಸೇರಿಸಿದರು, ಸೇರಿತು. ನನ್ನನ್ನು ಸೇರಿಸಿದರು, ಆಗುವುದಿಲ್ಲ ಅಂದಿತು. ಸಪ್ತಪದಿ ತುಳಿದಿದ್ದೇನೆ, ವೀಸಾ ಕೊಡುವವರು ಮದುವೆಯ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೌದು ಇವಳು ಇವನ ಹೆಂಡತಿಯೇ ಎಂದು ಒಪ್ಪಿದ್ದಾರೆ. ಅಂಗಡಿ ಒಪ್ಪಲಿಲ್ಲ. "ಅಮ್ಮ ನಮ್ಮ ಫ್ಯಾಮಿಲೀಲಿ ಇಲ್ಲ" ಅಂತ ಮಗ ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಹೇಳಿ, ಅತ್ತೆಯವರು ಗಾಬರಿಯಾಗಿ ಇವರಿಗೆ ಬೇರೆಯಾಗಿ ಫೋನ್ ಮಾಡಿ ವಿಚಾರಿಸಿದ್ದೂ ಆಯಿತು.

ಅತ್ತೆಯವರ ಕಾರ್ಡಿನ ಕಥೆ ಇದಕ್ಕಿಂತ ರಸವತ್ತಾದದ್ದು. ನಮ್ಮ ಮದುವೆಯ ದಿನಕ್ಕೆ ಸೀರೆ ಕಳಿಸಿದರೆ ಪಾರ್ಸಲ್ ಖರ್ಚೇ ಜಾಸ್ತಿ ಅಂತ ಅವರಿಗೆ ಯಾರೋ ಗಿಫ್ಟ್ ಕಾರ್ಡಿನ ಉಪಾಯ ಹೇಳಿಕೊಟ್ಟರು. 5,000 ರೂಪಾಯಿಯ ಕಾರ್ಡು ವಾಟ್ಸಾಪಿನಲ್ಲಿ ಬಂತು, ಜೊತೆಗೆ ಗಣೇಶನ ಚಿತ್ರ. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಕಾರ್ಡು 10,000 ರೂಪಾಯಿ ಮೀರುವಂತಿಲ್ಲ, ಮತ್ತೆ ಹಣ ತುಂಬುವಂತಿಲ್ಲ, ನಗದು ಮಾಡಿಕೊಳ್ಳುವಂತಿಲ್ಲ. ನಡೆಯುವುದು ಆ ಅಂಗಡಿಯ ಭಾರತದ ಶಾಖೆಯಲ್ಲಿ. ನಾವು ಆರಿಸಿದ ಸಾಮಾನನ್ನು ಅವರು ತಂದುಕೊಡುವುದು ಭಾರತದ ವಿಳಾಸಕ್ಕೆ. ನಮಗೆ ಇರುವ ಭಾರತದ ವಿಳಾಸ ಒಂದೇ, ಮೈಸೂರಿನಲ್ಲಿ ಅತ್ತೆಯವರ ಮನೆ.

ಒಂದು ಮಿಕ್ಸಿ ಜಾರು, ಕುಕ್ಕರಿನ ಗ್ಯಾಸ್ಕೆಟ್ಟು, ಎರಡು ಕಾಟನ್ ನೈಟಿ ಆರ್ಡರ್ ಮಾಡಿದೆ.

"ಯಾರೋ ಡಬ್ಬ ಕೊಟ್ಟು ಹೋದ್ರು ಕಣಮ್ಮ, ಮೇಲೆ ನಿನ್ನ ಹೆಸರಿದೆ."

"ಅದು ನೀವು ಕೊಟ್ಟ ಉಡುಗೊರೆ ಅತ್ತೆ."

"ನಾನು ನಿಂಗೆ ಕೊಟ್ಟಿದ್ದು ನಮ್ಮನೆಗ್ಯಾಕೆ ಬಂತು?"

ವಿವರಿಸಿದೆ. ಅವರು ಪೂರ್ತಿ ಕೇಳಿ, "ಹಾಗಾದ್ರೆ ನಾನೇ ಅಂಗಡಿಗೆ ಹೋಗಿ ತಂದಿಟ್ಟಿದ್ರೂ ಇದೇ ಆಗ್ತಿತ್ತಲ್ಲ" ಅಂದರು. ಅದಕ್ಕೆ ನನ್ನ ಬಿ.ಕಾಂ.ನಲ್ಲಿ ಉತ್ತರ ಇರಲಿಲ್ಲ.

ಡಬ್ಬ ಬೀರುವಿನ ಮೇಲೆ ಕೂತಿತು. ಜರ್ಮನಿಗೆ ಹೊರಟವರು ಯಾರೇ ಸಿಕ್ಕಲಿ, ನೈಟಿ ತರುತ್ತೇವೆ, ಗ್ಯಾಸ್ಕೆಟ್ಟು ತರುತ್ತೇವೆ, ಜಾರು ಮಾತ್ರ ಬೇಡ ಅನ್ನುತ್ತಿದ್ದರು. ಅಷ್ಟರಲ್ಲಿ ಅತ್ತೆಯವರ ಮನೆಯ ಜಾರಿನ ಬ್ಲೇಡು ಮುರಿಯಿತು. ಸುಮ್ಮನೆ ಇಟ್ಟು ಹಾಳಾಗುವುದು ಯಾಕೆ ಅಂತ ನಮ್ಮದನ್ನು ತೆಗೆದರಂತೆ. ಒಳ್ಳೆಯದೇ ಆಯಿತು ಅಂದುಕೊಂಡೆ. ಆದರೆ ಅತ್ತೆಯವರು ಮಾನವಂತರು. "ಸೊಸೆ ಸಾಮಾನು ನಾನು ಉಳಿಸ್ಕೊಳ್ಳೋದಿಲ್ಲಮ್ಮ, ಜಾರಿನ ದುಡ್ಡು ಕಳಿಸಿದೀನಿ ನೋಡು" ಅಂದರು. ವಾಟ್ಸಾಪು ತೆರೆದರೆ ಗಣೇಶ, ಅವನ ಕೆಳಗೆ ಇನ್ನೊಂದು ಕಾರ್ಡು.

ಅಮೆರಿಕದಲ್ಲಿರುವ ನಮ್ಮಕ್ಕ ಮಗನ ಹುಟ್ಟುಹಬ್ಬಕ್ಕೆ 25 ಡಾಲರಿನ ಆಟದ ಕೋಡು ಕಳಿಸಿದಳು. "ಡಾಲರು ಕಣೇ, ಪ್ರಪಂಚದಲ್ಲೆಲ್ಲ ನಡೆಯುತ್ತೆ." ಪ್ರಪಂಚದಲ್ಲೆಲ್ಲ ನಡೆಯುವ ಡಾಲರು ನನ್ನ ಮಗನ ಫುಟ್‌ಬಾಲ್ ಆಟದ ಬಾಗಿಲಲ್ಲಿ ನಿಂತುಬಿಟ್ಟಿತು, ಅವನದು ಯೂರೋ ಖಾತೆ. ಈಗ ಅದು ನನ್ನ ಪುಸ್ತಕದಲ್ಲಿದೆ. ಪುಸ್ತಕ ಅಂದೆನಲ್ಲ, ಹೌದು, ಇಟ್ಟಿದ್ದೇನೆ. ಯಾವ ಕಾರ್ಡು ಯಾವಾಗ ಸಾಯುತ್ತದೆ ಅಂತ ಬರೆದಿಡಬೇಕಲ್ಲ? ಭಾರತದಲ್ಲಿ ಕನಿಷ್ಠ 1 ವರ್ಷದ ಆಯಸ್ಸು. ಜರ್ಮನಿಯಲ್ಲಿ ಸಾಮಾನ್ಯವಾಗಿ 3 ವರ್ಷ, ಅದೂ ಕೊಂಡ ವರ್ಷದ ಡಿಸೆಂಬರ್ 31 ಮುಗಿದ ಮೇಲೆ ಲೆಕ್ಕ ಶುರು. ಅಂದರೆ ಜನವರಿಯಲ್ಲಿ ಕೊಂಡವಳು ಜಾಣೆ. ಅಮೆರಿಕದಲ್ಲಿ 2009ರ ಕಾಯ್ದೆಯ ಪ್ರಕಾರ ಕನಿಷ್ಠ 5 ವರ್ಷ. ಅಕ್ಕನ ಕೋಡಿಗೆ ದೀರ್ಘಾಯುಷ್ಯ, ಮಗ ದೊಡ್ಡವನಾಗಿ ಅಮೆರಿಕಕ್ಕೆ ಓದಲು ಹೋಗುವಷ್ಟು ಮಾತ್ರ ಇಲ್ಲ.

ಇನ್ನು ಇಲ್ಲಿಯ ಸೂಪರ್‌ಮಾರ್ಕೆಟ್ಟು. ದುಡ್ಡು ಕೊಡುವ ಜಾಗದ ಹತ್ತಿರ, ಚೂಯಿಂಗ್ ಗಮ್ಮಿಗೂ ಬ್ಯಾಟರಿಗೂ ನಡುವೆ, ಈ ಕಾರ್ಡುಗಳು ಸಾಲಾಗಿ ನೇತಾಡುತ್ತಿರುತ್ತವೆ. ಕ್ಯಾಷಿಯರು ಸ್ಕ್ಯಾನ್ ಮಾಡಿ ಹಣ ಪಡೆಯುವ ತನಕ ಅವು ಬರೀ ರಟ್ಟು. ಆಗಾಗ "50 ಯೂರೋಗೆ ಶೇ. 10 ಬೋನಸ್" ಅಂತ ಚೀಟಿ ಹಚ್ಚುತ್ತಾರೆ. ಸ್ಟುಟ್‌ಗಾರ್ಟ್ ಇರುವುದು ಶ್ವಾಬೆನ್ ಸೀಮೆಯಲ್ಲಿ. ಇಲ್ಲಿಯವರ ಜುಗ್ಗತನದ ಬಗ್ಗೆ ಜರ್ಮನಿಯಲ್ಲೆಲ್ಲ ಜೋಕುಗಳಿವೆ. ದೇವರು ನನ್ನನ್ನು ಎಲ್ಲಿಗೆ ತಂದು ಹಾಕಬೇಕೋ ಅಲ್ಲಿಗೇ ಹಾಕಿದ್ದಾನೆ. ನನ್ನ ಖಾತೆಗೆ ಯೂರೋ ಕಾರ್ಡು ನಡೆಯುವುದಿಲ್ಲ ಅಂತ ಚೆನ್ನಾಗಿ ಗೊತ್ತಿದ್ದೇ ಕೈಗೆತ್ತಿಕೊಂಡೆ. ಬೋನಸ್ಸು ಬಿಡುವುದುಂಟೆ?

ಶನಿವಾರ ಸಂಜೆ. ಭಾನುವಾರ ಅಂಗಡಿಗಳೆಲ್ಲ ಮುಚ್ಚುವುದರಿಂದ ಊರೆಲ್ಲ ನನ್ನ ಹಿಂದೆ ಸಾಲಿನಲ್ಲಿತ್ತು. ಕಿವಿಯಲ್ಲಿ ಫೋನು.

"ತಗೊಳ್ಳಲೇನ್ರೀ? ಐದು ಯೂರೋ ಸುಮ್ನೆ ಬರುತ್ತೆ."

"ಬೇಡ ಕಣೆ. ಏನ್ ಮಾಡ್ತೀಯ ಅದನ್ನ?"

ಕ್ಯಾಷಿಯರ್ ಹೆಂಗಸು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಕಾರ್ಡ್ ಕೊಳ್ಳಿ ಅಂತ ಫೋನಿನಲ್ಲಿ ಯಾರಾದರೂ ಹೇಳುತ್ತಿದ್ದಾರೆಯೇ ಅಂತ ಮೆಲ್ಲಗೆ ಕೇಳಿದಳು. ಕೇಳಿದ್ದು ನ್ಯಾಯವೇ. ಪೊಲೀಸು, ತೆರಿಗೆ ಇಲಾಖೆ ಅಂತ ಫೋನು ಮಾಡಿ ಹೆದರಿಸಿ, ಗಿಫ್ಟ್ ಕಾರ್ಡು ಕೊಳ್ಳಿಸಿ, ಕೋಡು ಓದಿಸಿಕೊಂಡು ದುಡ್ಡು ನುಂಗುವ ಕಳ್ಳರು ಎಲ್ಲ ದೇಶದಲ್ಲೂ ಇದ್ದಾರೆ. ಕಾರ್ಡಿನಲ್ಲಿ ಹಣ ಕೇಳಿದವನು ಮೋಸಗಾರನೇ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವರ್ಷಗಳಿಂದ ಎಚ್ಚರಿಸುತ್ತಿದೆ. ಫೋನಿನಲ್ಲಿರುವವರು ಬೇಡ ಅನ್ನುತ್ತಿದ್ದಾರೆ, ಹಟ ಹಿಡಿದಿರುವವಳು ನಾನು ಅಂತ ಹೇಳಬೇಕಿತ್ತು. ನನ್ನ ಜರ್ಮನ್ನಿನಲ್ಲಿ "ಬೇಡ" ಎಲ್ಲಿಗೆ ಸೇರಬೇಕೋ ಅಲ್ಲಿಗೆ ಸೇರಲಿಲ್ಲ.

"ಯಾರವರು?"

"ನನ್ನ ಗಂಡ."

ಅವಳು ಗಂಟೆ ಒತ್ತಿ ಮ್ಯಾನೇಜರನ್ನು ಕರೆದಳು. ಅವರು ಬಂದು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನಾದರೂ ತೊಂದರೆ ಇದೆಯೇ ಅಂತ ವಿಚಾರಿಸಿದರು. ತೊಂದರೆ ಇದೆ, 148 ರೂಪಾಯಿ, ಅನ್ನಲು ಬಾಯಿ ಬಂತು. ಕೊನೆಗೆ ಕಾರ್ಡು ಕೊಟ್ಟರು. ಮನೆಗೆ ತಂದು ಹಿಂದಿನ ಬೆಳ್ಳಿ ಪಟ್ಟಿಯನ್ನು ಒಂದು ರೂಪಾಯಿ ನಾಣ್ಯದಿಂದ ಕೆರೆದೆ. ಕೈ ಸ್ವಲ್ಪ ಜೋರಾಗಿ ಒಂದು ಅಕ್ಷರದ ಅರ್ಧವೂ ಬೆಳ್ಳಿಯ ಜೊತೆ ಹೋಯಿತು. ಬಿ ಅಕ್ಷರವೋ 8 ಅಂಕಿಯೋ ಅಂತ ಮೂವರೂ ಟ್ಯೂಬ್‌ಲೈಟಿಗೆ ಹಿಡಿದು ನೋಡಿ, 8 ಅಂತ ಬಹುಮತದಿಂದ ತೀರ್ಮಾನಿಸಿ, ಇವರ ಖಾತೆಗೆ ಹಾಕಿದೆವು. ಹತ್ತಿತು. ಇವರು ಆ್ಯಪಿಗೆ ಕಾಸು ಖರ್ಚು ಮಾಡುವವರಲ್ಲ. ಆ ಯೂರೋಗಳು, ಬೋನಸ್ ಸಮೇತ, ಈಗಲೂ ಅಲ್ಲೇ ಇವೆ.

ಅಷ್ಟರಲ್ಲಿ ನಮ್ಮ ಆರೋಗ್ಯ ವಿಮೆಯವರ ಆ್ಯಪ್ ಬೇಕಾಯಿತು. ಮಗನಿಗೆ ಜ್ವರ ಬಂದರೆ ನಾನು ಹಾಕುವ ರಜೆಯ ಕಾಗದಗಳನ್ನು ಅದರಲ್ಲೇ ಕಳಿಸಬೇಕು. ಭಾರತದ ಅಂಗಡಿಯಲ್ಲಿ ಅದು ಸಿಗುವುದಿಲ್ಲ.

"51 ರೂಪಾಯಿ ಸೇರಿಸಿ 199ರದ್ದು ಏನಾದ್ರೂ ತಗೊಂಡು ಕೈ ತೊಳ್ಕೊ" ಅಂದರು ಇವರು. ಹೇಳುವುದು ಸುಲಭ. ತಾನಾಗಿ ಕಡಿತವಾಗುವ ಕಾರ್ಡ್ ಪಾವತಿಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರಿನಿಂದ ಹೊಸ ನಿಯಮ ತಂದಿತು. ನನ್ನ ಖಾತೆಯಿರುವ ಆಪಲ್ 2022ರಲ್ಲಿ ಭಾರತದ ಕಾರ್ಡುಗಳನ್ನು ತಗೊಳ್ಳುವುದನ್ನೇ ಬಿಟ್ಟಿತು. ಉಳಿದದ್ದು ಯುಪಿಐ ಮತ್ತು ನೆಟ್‌ಬ್ಯಾಂಕಿಂಗು. ವಿದೇಶದ ಮೊಬೈಲ್ ನಂಬರಿಗೂ ಯುಪಿಐ ಕೊಡುತ್ತೇವೆ ಅಂತ 2023ರಲ್ಲಿ ಘೋಷಣೆಯಾದಾಗ ನಾನು ಕೇಸರಿಬಾತ್ ಮಾಡಿದ್ದೆ. ಮೊದಲ ಪಟ್ಟಿಯಲ್ಲಿ 10 ದೇಶಗಳಿದ್ದವು. ಅಕ್ಕನ ಅಮೆರಿಕ ಇತ್ತು, ಜರ್ಮನಿ ಇರಲಿಲ್ಲ. ನೆಟ್‌ಬ್ಯಾಂಕಿಂಗಿನ ಒಟಿಪಿ ಬರುವುದು ನನ್ನ ಹಳೆಯ ಮೈಸೂರು ಸಿಮ್ಮಿಗೆ. ಅದು ಅಡುಗೆಮನೆಯ ಕಿಟಕಿಯಲ್ಲಿ, ಕರಿಬೇವಿನ ಕುಂಡದ ಪಕ್ಕ, ಸಿಗ್ನಲ್ಲಿಗೆ ಮುಖಮಾಡಿ ಕೂತಿರುತ್ತದೆ. ಒಟಿಪಿ ಬರುತ್ತದೆ, ಬರುವುದಿಲ್ಲ ಅನ್ನುವಂತಿಲ್ಲ. ಅವಧಿ ಮುಗಿದ ಮೇಲೆ ಬರುತ್ತದೆ.

ಒಂದು ಭಾನುವಾರ ಮನಸ್ಸು ಗಟ್ಟಿ ಮಾಡಿದೆ. ಫೋಟೊ ಜಾಗದ ಬಾಡಿಗೆ ಮೊದಲೇ ನಿಲ್ಲಿಸಿದ್ದೆ. ಕಾಗುಣಿತದ ಆಟದಿಂದ ಜಾಹೀರಾತು ತೆಗೆಯಲು 49 ರೂಪಾಯಿ, ಮಳೆಯ ಸದ್ದು ಕೇಳಿಸುವ ಒಂದು ಆ್ಯಪಿಗೆ 99. ಕಿಟಕಿಯ ಆಚೆ ನಿಜವಾದ ಮಳೆ ಧೋ ಎನ್ನುತ್ತಿತ್ತು, ಅದು ಬಿಟ್ಟಿ. ಆದರೆ ಲೆಕ್ಕ ಸರಿಹೊಂದಬೇಕಲ್ಲ. ಬಾಕಿ ಸೊನ್ನೆ! ಮಗ ಕುಣಿದ, ಅಮ್ಮ ಫ್ಯಾಮಿಲಿಗೆ ಬರುತ್ತಾಳೆ ಅಂತ. ದೇಶ ಬದಲಿಸುವ ಗುಂಡಿ ಒತ್ತಬೇಕು, ಗಡಿಯಾರ ನೋಡಿದೆ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಖಾತೆ ಇರುವುದು ಭಾರತದಲ್ಲಿ, ನಾನಿರುವುದು ಜರ್ಮನಿಯಲ್ಲಿ. ಎಲ್ಲಿಯ ರಾಹುಕಾಲ ನೋಡಬೇಕು? ಎರಡನ್ನೂ ತಪ್ಪಿಸಿದರೆ ಯಾರಿಗೂ ನಷ್ಟವಿಲ್ಲ ಅಂತ ಬೆಳಿಗ್ಗೆ ಒತ್ತೋಣ ಅಂದುಕೊಂಡೆ.

ರಾತ್ರಿ ಮಲಗುವಾಗ 99 ರೂಪಾಯಿಯ ಮಳೆ ಹಾಕಿದೆ. ಅರ್ಧ ನಿಮಿಷ ಸುರಿದು, ಟಕ್ ಅಂತ ನಿಂತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಡುವೆ ಒಂದು ಕಪ್ಪೆ, ಪ್ರತಿ ಸಲವೂ ಅದೇ ಜಾಗದಲ್ಲಿ. ಇದಕ್ಕೆ 99 ರೂಪಾಯಿಯೆ? ಹಾಸಿಗೆಯಲ್ಲೇ ಎದ್ದು ಕೂತು, ಮಳೆ ಪುನರಾವರ್ತನೆಯಾಗುತ್ತದೆ, ಕಪ್ಪೆ ಒಂದೇ ಇದೆ, ಹಣ ವಾಪಸು ಕೊಡಿ ಎಂದು ಅಂಗಡಿಗೆ ದೂರು ಬರೆದು, ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಬೆಳಿಗ್ಗೆ ಕಾಫಿ ಸೋಸುತ್ತಿದ್ದಾಗ ಇವರು ನನ್ನ ಫೋನಿಗೆ ಬಂದ ಮೇಲ್ ಗಟ್ಟಿಯಾಗಿ ಓದಿದರು. ನಿಮ್ಮ ಕೋರಿಕೆಯನ್ನು ಮನ್ನಿಸಲಾಗಿದೆ, 99 ರೂಪಾಯಿ ನಿಮ್ಮ ಖಾತೆಗೆ ಜಮಾ ಆಗಿದೆ.

ಮೊದಲು ನನಗೆ ಆದದ್ದು ಹೆಮ್ಮೆ. ಅಷ್ಟು ದೊಡ್ಡ ಕಂಪನಿಯಿಂದ ದುಡ್ಡು ವಾಪಸು ಕಕ್ಕಿಸಿದೆನಲ್ಲ! "ನೋಡಿದ್ರಾ?" ಅಂದೆ.

ಇವರು ನೋಡಿದರು. ಲೋಟ ಕೆಳಗಿಟ್ಟು ತಮ್ಮ ಫೋನನ್ನು ನನ್ನ ಕಡೆ ತಳ್ಳಿದರು.

"ತಗೋ, ಮಗನ ಜ್ವರದ ಕಾಗದ ಇದರಲ್ಲೇ ಕಳಿಸು."