ಬಸಿಯೊಳಗಿನ ಟೆಸ್ಟ್

ಮಿರಜ ಸ್ಟೇಶನ್ನಿನ ಹೊರಗಿನ ಚಹಾ ಗಾಡಿ. ಜೋರ್ಡನ್ ದೊಡ್ಡವನೋ ಲೆಬ್ರಾನ್ ದೊಡ್ಡವನೋ ಎಂಬ ಅಮೆರಿಕದ ಬಾಸ್ಕೆಟ್‌ಬಾಲ್ ಜಗಳವನ್ನು ಮೊಬೈಲಿನಲ್ಲೇ ಮುಗಿಸಿದ ಕಾಲೇಜು ಹುಡುಗ, ತಂಬೂರಿ ಮಾಡುವ ಕಾಕಾನ ಮುಂದೆ ಊರಿನ ಜಗಳ ಬಿಚ್ಚಿದ.

“ಸಾಂಗಲಿಗೆ ದೊಡ್ಡ ಆಟಗಾರ್ತಿ ಸ್ಮೃತಿ ಮಂಧಾನನ ನೋಡ್ರಿ ಕಾಕಾ. 2024ರಾಗ ಬೆಂಗಳೂರಿಗೆ ಡಬ್ಲ್ಯುಪಿಎಲ್ ಕಪ್ ಗೆದ್ದುಕೊಟ್ಟಾಳ.”

“ಆಕಿ ಹುಟ್ಟಿದ್ದು ಮುಂಬೈದಾಗ. ವಿಜಯ ಹಜಾರೆ ಹುಟ್ಟಿದ್ದ ಸಾಂಗಲಿಯೊಳಗ, 1915ರಾಗ. 1948ರ ಅಡಿಲೇಡ್ ಟೆಸ್ಟಿನ್ಯಾಗ ವೇಗಿ ಲಿಂಡ್ವಾಲ್‌ನ ಎದುರು 116, ಮತ್ತ 145! ಹೆಲ್ಮೆಟ್ ಇತ್ತೇನು ಆಗ?”

“ಮ್ಯಾಚ್ ಏನಾತು?”

ಕಾಕಾ ಬಸಿಯ ಚಹಾ ಊದಿದ. “ಇನಿಂಗ್ಸ್ ಮತ್ತ 16 ರನ್ನಿಂದ ಸೋತೇವಿ. ಅದು ಬಿಡು, 1943ರ ಪೆಂಟ್ಯಾಂಗ್ಯುಲರ್ ಟೂರ್ನಿಯ ಫೈನಲ್ ತಗೊ. ತಂಡದ 387ರಾಗ ಹಜಾರೆ ಒಬ್ಬರದ 309!”

“ಗೆದ್ದರೇನು?”

“ಇನಿಂಗ್ಸ್ ಮತ್ತ 61 ರನ್ನಿಂದ…” ಕಾಕಾ ಕೆಮ್ಮಿದ. “ಆದ್ರ 1952ರಾಗ ಮದ್ರಾಸಿನ್ಯಾಗ ಭಾರತ ಮೊದಲ ಟೆಸ್ಟ್ ಗೆದ್ದಾಗ ಕ್ಯಾಪ್ಟನ್ ಯಾರು?”

ಗಾಡಿಯವ ಸಕ್ಕರೆ ಕದಡುತ್ತ ಕೇಳಿದ: “ಹಜಾರೆ ಆಡೂದು ಕಂಡೀರೇನ್ರಿ ಕಾಕಾ?”

“ನಾ ಹುಟ್ಟೇ ಇರಲಿಲ್ಲೋ.”

ಗಾಡಿಯವ ಹುಡುಗನತ್ತ ತಿರುಗಿದ. “ತಮ್ಮಾ, ನೀ ಸ್ಮೃತಿದೊಂದು ಇಡೀ ಮ್ಯಾಚ್ ನೋಡಿಯೇನು?”

“ರೀಲ್ಸ್ ನೋಡೇನಿ.”

ಗಾಡಿಯವ ಎರಡೂ ಲೋಟ ತುಂಬಿಸಿದ. ಚರ್ಚೆ ಎರಡನೆಯ ಇನಿಂಗ್ಸಿಗೆ ಹೋಯಿತು.