ಉಂಬಾರಾಕ್ಕ ಎಷ್ಟ್ ಹಾಕ್ತೀರಿ ಕಾಕಾ?

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಗೋಡೆ. ಆ ಕಡೆ ಬೀದರಿನವರು, ಈ ಕಡೆ ಕಲಬುರಗಿಯವರಾದ ನಾವು. ಲಿಂಗಂಪಲ್ಲಿಯಲ್ಲಿ ಇದೇನು ಅಪರೂಪವಲ್ಲ. ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಬರುವ ರೈಲು ಹೈದರಾಬಾದಿನ ಒಳಕ್ಕೆ ಹೊಗುವ ಮುಂಚೆ ಇಲ್ಲಿ ನಿಲ್ಲುತ್ತದೆ. ನಮ್ಮ ಕಡೆಯ ಎಷ್ಟೋ ಮಂದಿ ಇಲ್ಲೇ ಇಳಿದು, ಇಲ್ಲೇ ಕೆಲಸ ಹಿಡಿದು, ಇಲ್ಲೇ ಮನೆ ಕಟ್ಟಿದ್ದಾರೆ. ಸಂಜೆ ಕರಿಬೇವಿನ ಗಿಡಕ್ಕೆ ನೀರು ಹಾಕಲು ನಾನು ನಿಂತರೆ, ಆ ಕಡೆಯಿಂದ ವೈನಿ ತೊಗರಿಬೇಳೆಯ ಮೊರ ಹಿಡಿದು ಬರುತ್ತಾರೆ. ಹಿಂದೆಯೇ ಅವರ ಮಗ. ಅವನ ಕೈಯಲ್ಲಿ ಈ ಬೇಸಿಗೆಯಿಡೀ ಒಂದು ಲಾಂಗ್ ನೋಟ್‌ಬುಕ್. ಅದರಲ್ಲಿ ಗೆರೆ ಹೊಡೆದು ಮೂರು ಕಾಲಮ್ಮು: ಒಂದು ಅವನ ಅಂಕ, ಒಂದು ನನ್ನದು, ಒಂದು ಅವರವ್ವನದು.

ಹುಡುಗ ಅನಿಮೇಷನ್ ಕಂಪನಿಯೊಂದರಲ್ಲಿ ಲೈಟಿಂಗ್ ಕೆಲಸ ಮಾಡುತ್ತಾನೆ. ಚಿಕ್ಕವನಿದ್ದಾಗ ನೋಡಿದ್ದ ‘ಸ್ಟಾರ್ ವಾರ್ಸ್: ದ ಕ್ಲೋನ್ ವಾರ್ಸ್’ ಸರಣಿಯನ್ನು ಮತ್ತೆ ಮೊದಲಿನಿಂದ ನೋಡುತ್ತೇನೆ ಅಂದ. ನಾನೂ ನೋಡ್ತೀನಿ ನಡಿ ಅಂದೆ. 7 ಸೀಸನ್, 133 ಕಂತು. ದಿನಕ್ಕೆ ಎರಡು, ಭಾನುವಾರ ನಾಲ್ಕು. ಅವನು ಅವನ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ. ಚರ್ಚೆ ಮಾತ್ರ ಗೋಡೆಯ ಹತ್ತಿರ.

ಜಾರ್ಜ್ ಲ್ಯೂಕಸ್ ಹುಟ್ಟುಹಾಕಿದ, ಡೇವ್ ಫಿಲೋನಿ ಮುಂದೆ ನಿಂತು ಬೆಳೆಸಿದ ಈ ಸರಣಿ 2008ರ ಅಕ್ಟೋಬರ್‌ನಲ್ಲಿ ಶುರುವಾಯಿತು. ನಮ್ಮ ಹೈದರಾಬಾದಿನ ಗ್ರೀನ್ ಗೋಲ್ಡ್‌ನವರ ಛೋಟಾ ಭೀಮ್ ಟಿವಿಗೆ ಬಂದದ್ದೂ ಅದೇ ವರ್ಷ. ಡಿಸ್ನಿಯವರು ಲ್ಯೂಕಸ್‌ಫಿಲ್ಮ್ ಕೊಂಡ ಮೇಲೆ 2013ರಲ್ಲಿ ಸರಣಿ ಅರ್ಧಕ್ಕೆ ನಿಂತಿತು. 2014ರಲ್ಲಿ 13 ಕಂತು ಬಂದವು. ಕೊನೆಯ 12 ಕಂತಿಗೆ 2020ರವರೆಗೆ ಕಾಯಬೇಕಾಯಿತು. ಒಬ್ಬನೇ ಮನುಷ್ಯನ ಅಚ್ಚಿನಿಂದ ತೆಗೆದ ಲಕ್ಷಾಂತರ ಸೈನಿಕರು, ಅವರಿಗೆ ಮುಂದಾಳುಗಳಾಗಿ ಜೆಡೈ ಎಂಬ ಯೋಧರು, ಇವರು ಹೂಡುವ ಯುದ್ಧ. ಇಷ್ಟೇ ಕಥೆ. ಈ ಸೈನಿಕರಿಗೆ ಹುಟ್ಟುವಾಗ ಹೆಸರಿಲ್ಲ, ನಂಬರು. ಹೆಸರನ್ನು ತಾವೇ ಇಟ್ಟುಕೊಳ್ಳುತ್ತಾರೆ: ರೆಕ್ಸ್, ಫೈವ್ಸ್, ವ್ಯಾಕ್ಸರ್, ಡಾಗ್ಮಾ. ಎಲ್ಲರ ಮುಖವೂ ಒಂದೇ. ಎಲ್ಲರಿಗೂ ದನಿ ಕೊಟ್ಟವರು ಒಬ್ಬರೇ, ಡೀ ಬ್ರ್ಯಾಡ್ಲಿ ಬೇಕರ್. ಆದರೂ ಹತ್ತು ಕಂತು ನೋಡುವಷ್ಟರಲ್ಲಿ ಕಣ್ಣು ಮುಚ್ಚಿಕೊಂಡರೂ ಇವನು ರೆಕ್ಸ್, ಇವನು ಫೈವ್ಸ್ ಅಂತ ಗೊತ್ತಾಗುತ್ತದೆ. ಒಬ್ಬ ಕಲಾವಿದನ ಗಂಟಲು ಮಾಡಿದ ಆ ಕೆಲಸಕ್ಕೆ ನಾನು ಎಷ್ಟು ಕೈ ಮುಗಿದರೂ ಸಾಲದು.

ಮೂರು-ನಾಲ್ಕು ಕಂತು ಸೇರಿ ಆಗುವ ಒಂದು ಕಥೆಗೆ ಹುಡುಗ ‘ಆರ್ಕ್’ ಅನ್ನುತ್ತಾನೆ. ನಾನು ಪ್ರಸಂಗ ಅನ್ನುತ್ತೇನೆ. ನಮ್ಮೂರಿನ ಬಯಲಾಟದಲ್ಲಿ ಒಂದೇ ಪ್ರಸಂಗವನ್ನು ಜನ ಐದಾರು ಸಲ ನೋಡಿದವರೇ. ಕೀಚಕ ಸಾಯುತ್ತಾನೆ ಅಂತ ಗೊತ್ತಿರದವರು ಅಲ್ಲಿ ಯಾರೂ ಇರುತ್ತಿರಲಿಲ್ಲ. ಮರುದಿನ ಹೊಲದಲ್ಲಿ ಮಾತೆಲ್ಲ ಈ ಸಲದ ಕೀಚಕ ಹೇಗೆ ಸತ್ತ ಅನ್ನುವುದರ ಮೇಲೆ. ಕ್ಲೋನ್ ವಾರ್ಸೂ ಹಾಗೆಯೇ. 2005ರ ಸ್ಟಾರ್ ವಾರ್ಸ್ ಸಿನಿಮಾ ನೋಡಿದವರಿಗೆ ಕೊನೆ ಏನೆಂದು ಗೊತ್ತು: ಒಂದು ಆಜ್ಞೆ ಬರುತ್ತದೆ, ಈ ಸೈನಿಕರು ತಮ್ಮ ಜೆಡೈಗಳ ಬೆನ್ನಿಗೇ ಗುಂಡು ಹಾರಿಸುತ್ತಾರೆ. ಚಕ್ರವ್ಯೂಹದೊಳಗೆ ಹೊಕ್ಕ ಅಭಿಮನ್ಯುವನ್ನು ನೋಡಿದಂತೆ ಇವರ ಒಂದೊಂದು ನಗುವನ್ನೂ ನೋಡಬೇಕು.

ಅಂಕ ಹಾಕುವ ರೀತಿಯಲ್ಲೇ ನಮಗೆ ಮೊದಲ ಜಗಳ. ಅವನು ಕಥೆಗೆ ಇಷ್ಟು, ಕಾಳಗಕ್ಕೆ ಇಷ್ಟು, ಬೆಳಕಿಗೆ ಇಷ್ಟು ಅಂತ ಹಂಚಿ ಕೂಡಿಸುತ್ತಾನೆ. ನನ್ನದು ಒಂದೇ ಅಳತೆ. ಯುದ್ಧದ ಕಥೆ ಹೇಳುವವರು ದೊಡ್ಡವರ ಜೊತೆ ಸಾಯುವ ಸಣ್ಣವರ ಹೆಸರನ್ನು ನೆನಪಿಟ್ಟಿದ್ದಾರೋ ಇಲ್ಲವೋ? ಇಟ್ಟಿದ್ದರೆ ಅಂಕ ಮೇಲೆ, ಇಲ್ಲದಿದ್ದರೆ ಕೆಳಗೆ.

“ಹಂಗಾದ್ರ ಉಂಬಾರಾಕ್ಕ ಎಷ್ಟ್ ಹಾಕ್ತೀರಿ ಕಾಕಾ?”

“ಹತ್ತಕ್ಕ ಹತ್ತು.”

“ಇನ್ನೂ ಮೂರು ಸೀಸನ್ ಉಳದಾವ, ಈಗೇ ಹತ್ತು ಕೊಟ್ರ ಮ್ಯಾಲ ಏನ್ ಕೊಡ್ತೀರಿ?”

ಉಂಬಾರಾ ಅಂದರೆ ಹಗಲೇ ಇಲ್ಲದಂಥ ಒಂದು ಗ್ರಹ. ನಾಲ್ಕನೇ ಸೀಸನ್ನಿನ 7ರಿಂದ 10ರವರೆಗಿನ ನಾಲ್ಕು ಕಂತು. ಅಲ್ಲಿಗೆ ಹೊಸ ಜನರಲ್ ಆಗಿ ಬರುವವನು ಪಾಂಗ್ ಕ್ರೆಲ್, ನಾಲ್ಕು ಕೈಯ ಜೆಡೈ. ಬಂದ ಕೂಡಲೇ ಅವನು ಸೈನಿಕರ ಹೆಸರು ಬಿಟ್ಟು ನಂಬರು ಹಿಡಿದು ಕರೆಯುತ್ತಾನೆ. ಅಲ್ಲೇ ನನಗೆ ಅವನ ಮೇಲೆ ಸಿಟ್ಟು ಬಂತು. ಹುಡುಗ ಹೇಳಿದ ಒಂದು ವಿಷಯ ನನಗೆ ಗೊತ್ತಿರಲಿಲ್ಲ: ಇದರ ಎರಡನೇ ಕಂತನ್ನು ನಿರ್ದೇಶಿಸಿದವರು ವಾಲ್ಟರ್ ಮರ್ಚ್, ‘ಅಪೊಕಲಿಪ್ಸ್ ನೌ’ ಸಿನಿಮಾದ ಎಡಿಟಿಂಗಿನಲ್ಲೂ ಸೌಂಡಿನಲ್ಲೂ ಕೈಯಾಡಿಸಿದವರು. ವಿಯೆಟ್ನಾಂ ಯುದ್ಧದ ಆ ಸಿನಿಮಾದ ಕತ್ತಲು ಇಲ್ಲಿಗೆ ಹೇಗೆ ಹರಿದು ಬಂತು ಅನ್ನುವುದು ಆಗ ತಿಳಿಯಿತು.

“ಕತ್ತಲ ಸೀನಿಗೆ ಲೈಟಿಂಗ್ ಮಾಡೂದು ಭಾಳ ತ್ರಾಸ್ ಕಾಕಾ,” ಅಂದ. “ನೋಡೋರಿಗೆ ಕತ್ತಲ ಅನ್ಸಬೇಕು, ಆದ್ರ ಮಾರಿ ಕಾಣಬೇಕು. ಸಣ್ಣವ ಇದ್ದಾಗ ನಾ ಇದಕ್ಕ ಆರೇ ಕೊಟ್ಟಿದ್ದೆ, ಏನೂ ಕಾಣಂಗಿಲ್ಲ ಅಂತ. ಈಗ ಕೆಲಸ ಮಾಡಿದ ಮ್ಯಾಲ ಗೊತ್ತಾಗ್ಲಾಕತ್ತದ.”

ಕ್ರೆಲ್ ಒಂದು ತುಕಡಿಗೆ ಹೇಳುತ್ತಾನೆ: ಶತ್ರುಗಳು ನಮ್ಮವರ ಕವಚ ತೊಟ್ಟು ಬರುತ್ತಿದ್ದಾರೆ, ಹೊಡೆಯಿರಿ. ಇನ್ನೊಂದು ತುಕಡಿಗೂ ಅದನ್ನೇ ಹೇಳಿ ಕಳಿಸಿರುತ್ತಾನೆ. ಕತ್ತಲಲ್ಲಿ ಇಬ್ಬರೂ ಹೊಡೆದಾಡುತ್ತಾರೆ. ಬಿದ್ದವನೊಬ್ಬನ ಶಿರಸ್ತ್ರಾಣ ತೆಗೆದು ನೋಡಿದರೆ, ರೆಕ್ಸ್‌ಗೆ ಕಾಣುವುದು ತನ್ನದೇ ಮುಖ. ಅವನು ಗುಂಡಿನ ನಡುವೆಯೇ ಓಡುತ್ತಾನೆ, ನಿಲ್ಲಿಸಿ, ಇವರು ನಮ್ಮವರೇ ಎಂದು ಕೂಗುತ್ತ. ಕೊನೆಗೆ ಸಾಯುತ್ತಿರುವ ವ್ಯಾಕ್ಸರ್ ಸಿಗುತ್ತಾನೆ. ತಮ್ಮನ್ನು ಕಳಿಸಿದವನು ಯಾರು ಅಂತ ಹೇಳುವಾಗ ಅವನ ಕಣ್ಣಿನಿಂದ ಒಂದು ಹನಿ ಇಳಿಯುತ್ತದೆ.

ಇಲ್ಲಿ ಹುಡುಗ ತನ್ನ ಫೋನನ್ನು ಗೋಡೆಯ ಮೇಲಿಟ್ಟು ಚಿತ್ರ ನಿಲ್ಲಿಸಿದ. “ಶಿರಸ್ತ್ರಾಣದ ಬಾಜೂಕ ನೋಡ್ರಿ.” ಮೊದಲ ಸಲ ನಾನು ಗಮನಿಸಿರಲೇ ಇಲ್ಲ. ಅಲ್ಲೊಂದು ಪುಟ್ಟ ಹುಡುಗಿಯ ಮುಖ ಬರೆದಿದೆ. ಮೊದಲ ಸೀಸನ್ನಿನ 20ನೇ ಕಂತಿನಲ್ಲಿ, ರೈಲಾತ್ ಎಂಬ ಗ್ರಹದ ಪಾಳುಬಿದ್ದ ಊರಿನಲ್ಲಿ ವ್ಯಾಕ್ಸರ್ ಮತ್ತು ಅವನ ಜೊತೆಗಾರ ಬಾಯಿಲ್‌ಗೆ ಸಿಕ್ಕಿದ್ದ ನೂಮಾ. ಅಪ್ಪ ಅಮ್ಮ ಇಲ್ಲದೆ ಅಡಗಿ ಕೂತಿದ್ದ ಆ ಮಗುವಿಗೆ ಇವರಿಬ್ಬರು ತಮ್ಮ ಬುತ್ತಿ ಕೊಟ್ಟಿದ್ದರು. ಅವಳು ಇವರನ್ನು ‘ನೆರ್ರಾ’ ಅಂತ ಕರೆಯುತ್ತಾಳೆ. ಅವಳ ಭಾಷೆಯಲ್ಲಿ ಹಾಗೆಂದರೆ ಅಣ್ಣ. ಮೂರು ಸೀಸನ್ ಆಚೆ, ಬೇರೆ ಗ್ರಹದ ಕತ್ತಲಲ್ಲಿ, ಆ ಅಣ್ಣ ಅವಳ ಚಿತ್ರ ಹೊತ್ತುಕೊಂಡೇ ಸಾಯುತ್ತಾನೆ. ಸರಣಿ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಬರೆದು ಬಿಟ್ಟಿದೆ, ನೋಡಿದವರು ನೋಡಲಿ ಅಂತ.

ಬೇಳೆ ಆರಿಸುತ್ತಿದ್ದ ವೈನಿಯ ಕೈ ನಿಂತಿತು. “ಅಣ್ಣಾ ಅಂತ ಕರದಿತ್ತು ಆ ಕೂಸು,” ಅಂದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ವೈನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಮಗ ಪಕ್ಕದಲ್ಲಿ ಕೂತು ಬೀದರ ಕನ್ನಡದಲ್ಲಿ ಹೇಳುತ್ತ ಹೋಗುತ್ತಾನೆ, ಅವರು ಕೇಳುತ್ತ ನೋಡುತ್ತಾರೆ. ಮಕ್ಕಳ ಕಾರ್ಟೂನು ಕನ್ನಡದಲ್ಲಿ ಎಷ್ಟು ಸಹಜವಾಗಿ ಮಾತಾಡಬಲ್ಲದು ಅಂತ 2009ರಿಂದ ಚಿಂಟು ಟಿವಿ ತೋರಿಸಿದೆ. ದೊಡ್ಡವರೂ ಕೂತು ನೋಡುವ ಇಂಥ ಸರಣಿಗಳಿಗೂ ಕನ್ನಡದ ದನಿ ಬರಬೇಕು. ಮನೆಮನೆಯಲ್ಲಿ ಒಬ್ಬ ಮಗ ಕೂತು ಹೇಳಲಾರ.

ವೈನಿಯ ಹತ್ತು ಅಂಕ ಉಂಬಾರಾಕ್ಕಲ್ಲ, ಐದನೇ ಸೀಸನ್ನಿನ ಕೊನೆಯ ನಾಲ್ಕು ಕಂತಿಗೆ. ಜೆಡೈ ಗುಡಿಯಲ್ಲಿ ಬಾಂಬು ಸಿಡಿದು, ಮಾಡದ ತಪ್ಪು ಅಸೋಕಾ ಎಂಬ ಶಿಷ್ಯೆಯ ತಲೆಗೆ ಬರುವ ಪ್ರಸಂಗ. ಸಾಕಿದ ಗುರುಗಳೇ ಅವಳನ್ನು ಹೊರಗೆ ಹಾಕುತ್ತಾರೆ. ಕೊನೆಗೆ ಸತ್ಯ ತಿಳಿದು ವಾಪಸ್ ಬಾ ಅಂತ ಕರೆದರೆ ಅವಳು ಬರುವುದಿಲ್ಲ, ಮೆಟ್ಟಿಲು ಇಳಿದು ಹೋಗುತ್ತಾಳೆ. “ಕರದ್ರಂತ ಹೋಗಲಿಲ್ಲ ನೋಡು. ಮರ್ಯಾದಿ ಇದ್ದ ಹೆಣ್ಣುಮಗಳು.” ನಾನು ಒಂಬತ್ತು ಕೊಟ್ಟಿದ್ದೆ. ವೈನಿಯ ಮಾತು ಕೇಳಿ ಅರ್ಧ ಏರಿಸಿದೆ.

ಮೋರ್ಟಿಸ್ ಪ್ರಸಂಗಕ್ಕೆ ಹುಡುಗ ಒಂಬತ್ತು ಹಾಕಿದ. ಅಪ್ಪ, ಮಗ, ಮಗಳು ಎಂಬ ಮೂವರು ದೇವತೆಗಳಂಥವರು, ಬೆಳಕು ಕತ್ತಲಿನ ತಕ್ಕಡಿ. ನನಗೆ ಏಳಕ್ಕಿಂತ ಮೇಲೆ ಹೋಗಲಿಲ್ಲ. ದೊಡ್ಡ ಮಾತು ಬಹಳ, ಮನುಷ್ಯರು ಕಡಿಮೆ. ಐದನೇ ಸೀಸನ್ನಿನಲ್ಲಿ ರೋಬೋಗಳ ತುಕಡಿಯೊಂದು ಹೋಗುವ ನಾಲ್ಕು ಕಂತಿಗೆ ಇಬ್ಬರೂ ಐದು ಹಾಕಿ ಮುಂದೆ ಹೋದೆವು.

ಒಂಟಿ ಕಂತುಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಲೇಬೇಕು. ಎರಡನೇ ಸೀಸನ್ನಿನ 17ನೆಯದು. ಕಳ್ಳರ ಕಾಟ ತಾಳದ ರೈತರು ಬೆಳೆ ಕಾಯಲು ಕೂಲಿಯ ಯೋಧರನ್ನು ಕರೆಸುತ್ತಾರೆ. ಕಂತು ಶುರುವಾಗುವುದೇ ಅಕಿರಾ ಕುರೊಸಾವಾ ಅವರಿಗೆ ಅರ್ಪಣೆ ಮಾಡಿ. ಅವರ 1954ರ ‘ಸೆವೆನ್ ಸಮುರಾಯ್’ ಕಥೆಯೇ ಇದು. ಅದರ ಒಂದು ಕವಲು ‘ಶೋಲೆ’ಯಾಗಿ ನಮ್ಮ ರಾಮನಗರದ ಬಂಡೆಗಳ ನಡುವೆ ಬೆಳೆಯಿತು. ಆ ಬಂಡೆಗಳನ್ನು ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದವನಿಗೆ, ಬೇರೆ ನಕ್ಷತ್ರದ ರೈತರು ನೆಂಟರ ಹಾಗೆ ಕಂಡರು.

“ನಮ್ಮೂರಾಗ ಮಾಡಿದ್ದಕ್ಕೂ ಅಂಕ ಹಾಕೋಣ್ರಿ,” ಅಂತ ಒಂದು ದಿನ ಹುಡುಗ ‘ಬುಜ್ಜಿ ಆ್ಯಂಡ್ ಭೈರವ’ ಎತ್ತಿದ. ‘ಕಲ್ಕಿ 2898 ಎಡಿ’ ಸಿನಿಮಾಕ್ಕೆ ಮುನ್ನುಡಿಯಾಗಿ ಗ್ರೀನ್ ಗೋಲ್ಡ್‌ನವರ ಜೊತೆಗೂಡಿ ಮಾಡಿದ್ದು, 2024ರ ಮೇ 31ಕ್ಕೆ ಬಂತು. ಎರಡೇ ಕಂತು. ಎರಡು ಕಂತಿನಲ್ಲಿ ಪ್ರಸಂಗ ಕಟ್ಟಲಾಗುವುದಿಲ್ಲ, ಅದಕ್ಕೆ ಅಂಕ ಹಾಕಲಿಲ್ಲ. ಇದೇ ಕೈಗಳಿಗೆ ಇಪ್ಪತ್ತು ಕಂತು ಕೊಟ್ಟರೆ ಏನು ಮಾಡಿಯಾರು ಅನ್ನುವ ಆಸೆ ಮಾತ್ರ ನಮ್ಮಿಬ್ಬರಿಗೂ ಇದೆ. ಅವನಿಗಂತೂ ಆ ಇಪ್ಪತ್ತರಲ್ಲಿ ಒಂದಕ್ಕಾದರೂ ತಾನೇ ಬೆಳಕು ಹಿಡಿಯಬೇಕು.

ಕೊನೆಗೆ ಬಂದದ್ದು ಮ್ಯಾಂಡಲೋರ್ ಎಂಬ ಗ್ರಹದ ಮುತ್ತಿಗೆ. ಏಳನೇ ಸೀಸನ್ನಿನ 9ರಿಂದ 12. ಹುಡುಗನ ಹತ್ತು ಇದಕ್ಕೇ. ಅಸೋಕಾ ಮತ್ತು ಮಾಲ್ ಎಂಬ ಖಳ ಕಾದಾಡುವ ಭಾಗಕ್ಕೆ 1999ರ ಸಿನಿಮಾದಲ್ಲಿ ಮಾಲ್ ಆಗಿದ್ದ ರೇ ಪಾರ್ಕ್ ಅವರನ್ನೇ ಕರೆಸಿ, ಅವರ ಮೈಯ ಚಲನೆ ಹಿಡಿದು ಗೊಂಬೆಗೆ ಹಾಕಿದರಂತೆ. ಅಸೋಕಾಗೆ ಲಾರೆನ್ ಮೇರಿ ಕಿಮ್. ಮೊದಲ ಸೀಸನ್ನಿನಲ್ಲಿ ಮರದಲ್ಲಿ ಕೆತ್ತಿದಂತಿದ್ದ ಮುಖಗಳು ಇಲ್ಲಿ ಉಸಿರಾಡುತ್ತವೆ.

ಇದನ್ನು ನಾನು ಮೊದಲು ನೋಡಿದ್ದು 2020ರ ಲಾಕ್‌ಡೌನಿನಲ್ಲಿ, ಮಗಳ ಜೊತೆ. ದೂರದರ್ಶನದಲ್ಲಿ ‘ರಾಮಾಯಣ’ ಮತ್ತೆ ಬರುತ್ತಿದ್ದ ದಿನಗಳು. ರೈಲು ನಿಂತು ಐದು ವಾರ ದಾಟಿತ್ತು. ಸ್ಟೇಷನ್ನಿನ ಸದ್ದಿಲ್ಲದೆ ಲಿಂಗಂಪಲ್ಲಿಯಲ್ಲಿ ನಿದ್ದೆಯೇ ಹತ್ತುತ್ತಿರಲಿಲ್ಲ. ಮೇ 1ರ ಬೆಳಗಿನ ಜಾವ ಒಂದು ರೈಲಿನ ಸಿಳ್ಳು ಕೇಳಿ ಎದ್ದು ಕೂತೆವು. ಆಮೇಲೆ ಟಿವಿಯಲ್ಲಿ ತಿಳಿಯಿತು: ದೇಶದ ಮೊದಲ ಶ್ರಮಿಕ್ ರೈಲು 4:50ಕ್ಕೆ ನಮ್ಮ ಲಿಂಗಂಪಲ್ಲಿಯಿಂದಲೇ ಜಾರ್ಖಂಡಿನ ಹಟಿಯಾಕ್ಕೆ ಹೊರಟಿತ್ತು. 24 ಬೋಗಿ, ಸುಮಾರು 1,200 ಮಂದಿ. ಕಂದಿಯಲ್ಲಿ ಐಐಟಿಯ ಕಟ್ಟಡ ಕಟ್ಟುತ್ತಿದ್ದವರು. ನಾವು ನೋಡಿದ ಸುದ್ದಿಯಲ್ಲಿ ಅವರದು ಒಂದು ಲೆಕ್ಕ, ಒಬ್ಬರ ಹೆಸರೂ ಇರಲಿಲ್ಲ.

ಮುತ್ತಿಗೆಯ ಮೂರನೇ ಕಂತು ಬಂದದ್ದೂ ಅದೇ ಮೇ 1ಕ್ಕೆ. ರಾತ್ರಿ ನೋಡಿದೆವು. ಆಜ್ಞೆ ಬರುತ್ತದೆ. ಪಿಸ್ತೂಲು ಹಿಡಿದ ರೆಕ್ಸ್‌ನ ಕೈ ನಡುಗುತ್ತದೆ, ಕಣ್ಣಲ್ಲಿ ನೀರು. ಆ ಆಜ್ಞೆ ಪಾಲಿಸುವಂತೆ ಮಾಡುವ, ಸೈನಿಕರ ತಲೆಯೊಳಗಿನ ಚಿಪ್‌ನ ಗುಟ್ಟು ತಿಳಿದು ಪ್ರಾಣ ಬಿಟ್ಟ ಫೈವ್ಸ್‌ನ ಹೆಸರನ್ನು ಅವನು ಆ ಗಳಿಗೆಯಲ್ಲೂ ಹೇಳುತ್ತಾನೆ. ಮೂರು ದಿನ ಬಿಟ್ಟು ಕೊನೆಯ ಕಂತು. ಸತ್ತ ಸೈನಿಕರನ್ನು ಅಸೋಕಾ ಮತ್ತು ರೆಕ್ಸ್ ಹೂಳುತ್ತಾರೆ, ಒಂದೊಂದು ಗುಂಡಿಯ ಮೇಲೆ ಕೋಲು ನೆಟ್ಟು ಶಿರಸ್ತ್ರಾಣ ಇಡುತ್ತಾರೆ. ತಮ್ಮನ್ನು ಕೊಲ್ಲಲು ಬಂದವರನ್ನೂ ಒಬ್ಬೊಬ್ಬರನ್ನಾಗಿ ಎಣಿಸಿ ಮಣ್ಣು ಮಾಡುತ್ತಾರೆ.

“ಇಷ್ಟೆಲ್ಲ ಹೇಳಿ ಇದಕ್ಕ ಹತ್ತು ಯಾಕ ಕೊಡಂಗಿಲ್ರಿ?”

“ತಮ್ಮಾ, ಮ್ಯಾಂಡಲೋರ್ ತಿಳೀಬೇಕಂದ್ರ ಹಿಂದಿಂದೆಲ್ಲ ನೋಡಿರಬೇಕು, ಸಿನಿಮಾನೂ ನೋಡಿರಬೇಕು. ಉಂಬಾರಾ ತನ್ನ ಕಾಲ ಮ್ಯಾಲ ತಾನ ನಿಂತದ. ಅದಕ್ಕ ಇದಕ್ಕ ಒಂಬತ್ತೂವರೆ.”

ಅವನು ಬರೆದುಕೊಂಡ. ಅವನ ಕಾಲಮ್ಮಿನಲ್ಲಿ ಉಂಬಾರಾ ಒಂಬತ್ತೂವರೆ, ಮ್ಯಾಂಡಲೋರ್ ಹತ್ತು. ಅದು ಹಾಗೇ ಇರಲಿ.

ನೋಡಬೇಕೆಂದಿರುವವರು 133 ಕಂತಿಗೆ ಹೆದರಬೇಕಿಲ್ಲ. ಈ ಸೈನಿಕರ ದಾರಿ ಹಿಡಿದರೆ ಸಾಕು. ಮೂರನೇ ಸೀಸನ್ನಿನ 1ನೇ ಕಂತು ಮೊದಲು, ಆಮೇಲೆ ಮೊದಲ ಸೀಸನ್ನಿನ 5, ಮತ್ತೆ ಮೂರನೆಯದರ 2, ನಾಲ್ಕನೆಯದರ 7ರಿಂದ 10, ಆರನೆಯದರ ಮೊದಲ ನಾಲ್ಕು, ಏಳನೆಯದರ ಕೊನೆಯ ನಾಲ್ಕು. ಉಂಬಾರಾಕ್ಕೆ ಹೋಗುವ ಮುಂಚೆ ಮೊದಲ ಸೀಸನ್ನಿನ 20ನೇ ಕಂತನ್ನು ಮಾತ್ರ ಬಿಡಬೇಡಿ, ನೂಮಾ ಇರುವುದು ಅಲ್ಲಿ.