ಸೂರ್ಯಗ ವಾಪಸ್

ರಾಯಚೂರು, ಮೇ ತಿಂಗಳ ಮಧ್ಯಾಹ್ನ. ತಗಡಿನ ಸೂರು ಕಾದ ಹಂಚಾಗಿದೆ.

ಮಾರಾಟಗಾರ: ಈ ಫಾಯಿಲ್ ಹೊಡಸ್ರಿ ಕಾಕಾ, ಶೇ. 95ರಷ್ಟು ಕಾವು ವಾಪಸ್ ಕಳಸ್ತದ!

ಕಾಕಾ: ಎಲ್ಲಿಗಿ? ಬಾಜೂ ಮನಿಗೇನು?

ಮಾರಾಟಗಾರ: ಸೂರ್ಯಗರಿ.

ಕಾಕಾ: ಪಾಪ, ಅವಗ ಭಾಳ ಕೊರತಿ! ಹೆಂಗ ಹಾಕ್ತಿ?

ಮಾರಾಟಗಾರ: ತಗಡಿಗಿ ಒತ್ತಿ ಅಂಟಸ್ತೀನ್ರಿ. ಇರಿವಿ ಸೈತ ನುಗ್ಗಂಗಿಲ್ಲ.

ಕಾಕಾ: ಹಂಗಾದ್ರ ತಗಡಿನ ಕಾವು ನೆಟ್ಟಗ ಫಾಯಿಲಿಗಿ ಇಳೀತದಲ್ಲೋ! ಹೊಳಪಿನ ಮುಂದ ಬೆರಳಗಲ ಗಾಳಿ ಇದ್ರನೇ ಅದರ ಆಟ. ಮ್ಯಾಲ ಧೂಳು ಕುಂತ್ರ ಅದೂ ಮುಗೀತು.

ಮಾರಾಟಗಾರ: ಇಷ್ಟೆಲ್ಲಾ ಗೊತ್ತಿದ್ದು ಯಾಕ ಕರದ್ರಿ?

ಕಾಕಾ: ಅಳಿಯ ಏಸಿ ಕೇಳ್ಯಾನ. ನೀ ಅವನ ಮುಂದ ಫಾಯಿಲಿನ ರೇಟ್ ಹೇಳು. ಬೀಸಣಿಗಿ ಸಾಕು ಅಂತಾನ.

ಓದುಗರೇ, ಮೊದಲು ತಗಡಿಗೆ ಬಿಳಿ ಪೇಂಟ್ ಬಳಿಸಿ. ಗಾಳಿಗೆ ಸಂದು ಬಿಟ್ಟು ಕಟ್ಟುವವ ಸಿಕ್ಕರೆ ಮಾತ್ರ ಫಾಯಿಲ್.